ಮೂಳೆ ಕೂರಿಸುವ ವಿದ್ಯೆಗೆ ಸರ್ಕಾರಿ ಕಾಲೇಜು ಸಿಕ್ಕಿದ ಕತೆ

ಅಮೆರಿಕದಲ್ಲಿರುವ ಮಗನ ಮನೆಗೆ ಹೋದ ನಮ್ಮ ಹಿರಿಯರು ಅಲ್ಲಿನ ಡಾಕ್ಟರ ಬೋರ್ಡಿನಲ್ಲಿ ‘ಡಿ.ಒ.’ ಅಂತ ಕಂಡರೆ ಕಣ್ಣಿನ ಡಾಕ್ಟರು ಅಂದುಕೊಳ್ಳುವುದು ಸಹಜ. ನಮ್ಮಲ್ಲಿ ಆ ಎರಡಕ್ಷರ ಕಣ್ಣಿನ ಡಿಪ್ಲೊಮಾದ್ದು. ಅಲ್ಲಿ ಅದು ಆಸ್ಟಿಯೋಪಥಿ, ಅಂದರೆ ಮೂಳೆ ಕೀಲು ಕೂರಿಸುವುದರಿಂದ ಶುರುವಾದ ವೈದ್ಯ ಪದ್ಧತಿಯ ಪದವಿ. ಎಂ.ಡಿ. (ಅಲ್ಲಿ ಅದು ನಮ್ಮ ಎಂ.ಬಿ.ಬಿ.ಎಸ್. ಇದ್ದ ಹಾಗೆ) ಮಾಡಿದವರ ಹಾಗೇ ಇವರೂ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು. 2020ರಲ್ಲಿ ಟ್ರಂಪ್ ಅವರಿಗೆ ಕೋವಿಡ್ ಬಂದಾಗ ನೋಡಿಕೊಂಡ ಶ್ವೇತಭವನದ ವೈದ್ಯರು ಡಿ.ಒ. ಆಮೇಲೆ ಬೈಡನ್ ಅವರಿಗಿದ್ದ ವೈದ್ಯರೂ ಡಿ.ಒ.

ಇದರ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ಅಮೆರಿಕದ ಡಾಕ್ಟರು. 1864ರಲ್ಲಿ ಮಿದುಳು ಜ್ವರಕ್ಕೆ ಅವರ ಮೂರು ಮಕ್ಕಳು ತೀರಿಕೊಂಡವು. ಆಗಿನ ಡಾಕ್ಟರ ಚೀಲದಲ್ಲಿ ಇರುತ್ತಿದ್ದುದಾದರೂ ಏನು? ಪಾದರಸದ ಪುಡಿ, ಅಫೀಮು, ಬ್ರಾಂದಿ. ಈ ಔಷಧಿಗಳ ಮೇಲೆ ಸ್ಟಿಲ್ ಅವರಿಗೆ ನಂಬಿಕೆ ಹೋಯಿತು. ಮೂಳೆ, ಕೀಲು, ಸ್ನಾಯು ಸರಿಯಾದ ಜಾಗದಲ್ಲಿದ್ದರೆ ದೇಹ ತನ್ನನ್ನು ತಾನೇ ವಾಸಿಮಾಡಿಕೊಳ್ಳುತ್ತದೆ ಅಂತ ಹೊರಟರು. ಮಿಸೌರಿಯ ಊರೂರು ತಿರುಗುತ್ತಾ, ಮಿಂಚಿನ ಹಾಗೆ ಮೂಳೆ ಕೂರಿಸುವವನು ಅಂತ ಹೇಳಿಕೊಂಡರು. ಬೆಂಗಳೂರಿನ ಗಲ್ಲಿಗಳಲ್ಲಿ ‘ಪುತ್ತೂರು ಕಟ್ಟು’ ಬೋರ್ಡು ನೋಡಿದವರಿಗೆ ಆ ದೃಶ್ಯ ಊಹಿಸಿಕೊಳ್ಳುವುದು ಕಷ್ಟವಲ್ಲ. 1892ರಲ್ಲಿ ಕರ್ಕ್ಸ್‌ವಿಲ್ ಎಂಬ ಪುಟ್ಟ ಊರಲ್ಲಿ ಅವರ ಶಾಲೆ ಶುರುವಾಯಿತು. ಮೊದಲ ತರಗತಿಯಲ್ಲೇ ಹೆಂಗಸರೂ ಇದ್ದರು.

ಮುಂದೆ ಶಿಷ್ಯರು ಗುರುವಿನ ಹಟ ಬಿಟ್ಟರು. ಔಷಧಿ, ಶಸ್ತ್ರಚಿಕಿತ್ಸೆ ಎಲ್ಲವೂ ಪಾಠಕ್ಕೆ ಸೇರಿದವು. ಆದರೂ ಎಂ.ಡಿ.ಗಳ ಸಂಘ ಇವರನ್ನು ಹತ್ತಿರ ಸೇರಿಸಲಿಲ್ಲ. ಅವರ ಆಸ್ಪತ್ರೆಗಳಲ್ಲಿ ಜಾಗ ಸಿಗದೆ ಇವರು ತಮ್ಮವೇ ಆಸ್ಪತ್ರೆ ಕಟ್ಟಿಕೊಂಡರು.

ದೊಡ್ಡ ಪೆಟ್ಟು ಬಿದ್ದದ್ದು ಕ್ಯಾಲಿಫೋರ್ನಿಯಾದಲ್ಲಿ. ಅದೂ ಜಗಳದಿಂದಲ್ಲ, ರಾಜಿಯಿಂದ! 1962ರಲ್ಲಿ ಅಲ್ಲಿನ ಸುಮಾರು 2,000 ಡಿ.ಒ.ಗಳು 65 ಡಾಲರ್ ಕಟ್ಟಿ ಎಂ.ಡಿ. ಆಗಿಬಿಟ್ಟರು. ಲಾಸ್ ಏಂಜಲೀಸ್‌ನ ಅವರ ಕಾಲೇಜೂ ಎಂ.ಡಿ. ಕಾಲೇಜಾಯಿತು. ಹೊಸದಾಗಿ ಯಾರಿಗೂ ಡಿ.ಒ. ಲೈಸೆನ್ಸ್ ಕೊಡಬಾರದು ಅಂತ ಜನಮತಗಣನೆಯಲ್ಲೇ ತೀರ್ಮಾನವಾಯಿತು. ದೇಶದಲ್ಲಿ ಉಳಿದದ್ದು ಐದೇ ಕಾಲೇಜು. ಎಲ್ಲವೂ ಖಾಸಗಿ.

ಮುಂದಿನ ಸರದಿ ತಮ್ಮದೇ ಇರಬಹುದು ಅಂತ ಮಿಶಿಗನ್‌ನ ಡಿ.ಒ.ಗಳಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ. ಆ ರಾಜ್ಯದಲ್ಲಿ ಅವರ ಸಂಖ್ಯೆ ಜಾಸ್ತಿ ಇತ್ತು. ತಮ್ಮ ಕೈಯಿಂದಲೇ ದುಡ್ಡು ಹಾಕಿ 1969ರಲ್ಲಿ ಪಾಂಟಿಯಾಕ್ ಊರಲ್ಲಿ ಕಾಲೇಜು ತೆರೆದರು. ಜೊತೆಗೆ ಶಾಸನಸಭೆಯ ಬಾಗಿಲೂ ತಟ್ಟಿದರು. ಅವರ ಕೈಯಲ್ಲಿ ಒಂದು ಒಳ್ಳೆಯ ಎಲೆ ಇತ್ತು: ಸಣ್ಣ ಊರುಗಳಿಗೆ ಫ್ಯಾಮಿಲಿ ಡಾಕ್ಟರು ಸಿಗುತ್ತಿರಲಿಲ್ಲ, ಹೋಗಿ ಕೂರುತ್ತಿದ್ದವರಲ್ಲಿ ಡಿ.ಒ.ಗಳು ಬಹಳ. ಅದೇ ವರ್ಷ ಕಾನೂನು ಬಂತು. ಈಗಾಗಲೇ ವೈದ್ಯಕೀಯ ಕಾಲೇಜು ಇರುವ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲೇ ಇದೂ ಇರಬೇಕು ಅಂತ ಅದರಲ್ಲಿ ಬರೆದಿತ್ತು. ನನಗೆ ಇಡೀ ಕತೆಯಲ್ಲಿ ಜಾಣತನದ ಸಾಲು ಅಂದರೆ ಅದೇ. ಇಬ್ಬರನ್ನೂ ಒಂದೇ ಅಂಗಳದಲ್ಲಿ ಕೂರಿಸಿಬಿಟ್ಟರೆ ಕೀಳು ಮೇಲು ಅನ್ನುವುದು ಎಷ್ಟು ದಿನ ನಡೆದೀತು, ಅಲ್ವಾ?

1971ರಲ್ಲಿ ಕಾಲೇಜು ಈಸ್ಟ್ ಲ್ಯಾನ್ಸಿಂಗ್‌ನ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂತು. ಸರ್ಕಾರಿ ದುಡ್ಡಿನ ಮೊದಲ ಆಸ್ಟಿಯೋಪಥಿ ಕಾಲೇಜು ಇದು. ಮಕ್ಕಳ ವೈದ್ಯ ಮೈರನ್ ಮ್ಯಾಗನ್ ಮೊದಲ ಡೀನ್. ಎಂ.ಡಿ., ಡಿ.ಒ., ಪಶುವೈದ್ಯ, ಮೂರೂ ಕಾಲೇಜುಗಳು ಮೂಲ ವಿಜ್ಞಾನದ ವಿಭಾಗಗಳನ್ನು ಹಂಚಿಕೊಂಡವು. ಅದೇ ದಶಕದಲ್ಲಿ ಒಕ್ಲಹೋಮ, ಟೆಕ್ಸಾಸ್, ವೆಸ್ಟ್ ವರ್ಜೀನಿಯಾ, ಒಹಾಯೊ, ನ್ಯೂಜೆರ್ಸಿ ಕೂಡ ಈ ದಾರಿ ಹಿಡಿದವು.

ಕೋರ್ಸು ನಾಲ್ಕು ವರ್ಷದ್ದು. ಮೊದಲೆರಡು ವರ್ಷ ಕಾಲೇಜಿನಲ್ಲಿ ಪಾಠ, ಆಮೇಲೆ ರಾಜ್ಯದ ಬೇರೆ ಬೇರೆ ಊರುಗಳ ಆಸ್ಪತ್ರೆಗಳಲ್ಲಿ ಕಲಿಕೆ. ಡಿ.ಒ. ಜೊತೆ ಪಿಎಚ್.ಡಿ. ಮಾಡುವ ದಾರಿ 1979ರಿಂದಿದೆ. 2009ರಲ್ಲಿ ಡೆಟ್ರಾಯಿಟ್‌ನಲ್ಲೂ ಮಕೋಂಬ್ ಕೌಂಟಿಯಲ್ಲೂ ಶಾಖೆ ತೆರೆದರು.

ಎಂ.ಡಿ. ಪಾಠಕ್ಕಿಂತ ಬೇರೆಯಾದದ್ದು ಕೈಯಿಂದ ಮಾಡುವ ಚಿಕಿತ್ಸೆ. ಡಿ.ಒ. ಕಾಲೇಜುಗಳಲ್ಲಿ ಇದಕ್ಕೇ ಸುಮಾರು 200 ಗಂಟೆ. ಹಳೆಯ ಅಭ್ಯಾಸವೊಂದಿದೆ: ಒಂದು ತಲೆಕೂದಲನ್ನು ಕಾಗದದ ಕೆಳಗಿಟ್ಟು, ಕಣ್ಣು ಮುಚ್ಚಿ, ಬೆರಳಲ್ಲಿ ಹುಡುಕಬೇಕು. ಸಿಕ್ಕಿತೋ, ಇನ್ನೊಂದು ಹಾಳೆ ಇಡು. ಮತ್ತೊಂದು. ಇಂಥ ಬೆರಳು ರೋಗಿಯ ಬೆನ್ನಿನ ಬಿಗಿಯನ್ನು ಬೇಗ ಹಿಡಿಯುತ್ತದೆ. ಸೊಂಟನೋವಿಗೆ ಈ ಚಿಕಿತ್ಸೆಯಿಂದ ಅಷ್ಟಿಷ್ಟು ಉಪಯೋಗವಿದೆ ಅನ್ನುವುದಕ್ಕೆ ಆಧಾರವಿದೆ. ತಲೆಬುರುಡೆಯ ಮೂಳೆ ಒತ್ತಿ ರೋಗ ವಾಸಿಮಾಡುವ ಮಾತಿಗೆ ಅಂಥ ಆಧಾರವಿಲ್ಲ.

ಮುಟ್ಟಿ ವಾಸಿಮಾಡುವವನ ಮೇಲೆ ರೋಗಿಗೆ ಎಷ್ಟು ನಂಬಿಕೆ ಇರಬೇಕು ಯೋಚಿಸಿ. ಮಿಶಿಗನ್ ಸ್ಟೇಟ್‌ನ ಇದೇ ಕಾಲೇಜಿನಲ್ಲಿ ಓದಿ ಇಲ್ಲೇ ಮೇಷ್ಟ್ರಾಗಿದ್ದ, ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ಚಿಕಿತ್ಸೆಯ ನೆಪದಲ್ಲಿ ನೂರಾರು ಹುಡುಗಿಯರ ಮೇಲೆ ದೌರ್ಜನ್ಯ ಎಸಗಿದ. ದೂರುಗಳು ವರ್ಷಗಟ್ಟಲೆ ಮೂಲೆ ಸೇರಿದ್ದವು. 2018ರಲ್ಲಿ ಅವನಿಗೆ 40ರಿಂದ 175 ವರ್ಷ ಶಿಕ್ಷೆಯಾಯಿತು, ವಿಶ್ವವಿದ್ಯಾಲಯ 50 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿತು. ಮರುವರ್ಷ ಹಿಂದಿನ ಡೀನ್ ವಿಲಿಯಂ ಸ್ಟ್ರಾಂಪೆಲ್ ಕೂಡ ಜೈಲಿಗೆ ಹೋದರು. ಕಾಲೇಜಿನ ಚರಿತ್ರೆ ಹೇಳುವಾಗ ಇದನ್ನು ಸುಮ್ನೆ ದಾಟಿಕೊಂಡು ಹೋಗಲಾಗದು.

ಎಂ.ಡಿ., ಡಿ.ಒ. ನಡುವಿನ ಗೋಡೆ ಈಗ ತೆಳ್ಳಗಾಗಿದೆ. 2020ರಿಂದ ಇಬ್ಬರ ಸ್ನಾತಕೋತ್ತರ ತರಬೇತಿಗೂ ಮಾನ್ಯತೆ ಕೊಡುವ ಸಂಸ್ಥೆ ಒಂದೇ. ಅಮೆರಿಕದ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ಕರಲ್ಲಿ ಒಬ್ಬರು ಡಿ.ಒ. ಓದುತ್ತಿದ್ದಾರೆ.

ಮಿಶಿಗನ್ ಸ್ಟೇಟ್‌ನ ಈ ಕಾಲೇಜಿನ ಟೆರಿ ಟೇಲರ್ ಅವರ ಕೆಲಸವನ್ನೇ ನೋಡಿ. ಇವರೂ ಡಿ.ಒ. 1986ರಿಂದ ಆಫ್ರಿಕಾದ ಮಲಾವಿಯ ಬ್ಲಾಂಟೈರ್ ಆಸ್ಪತ್ರೆಯಲ್ಲಿ ಮಲೇರಿಯಾ ಮಿದುಳಿಗೇರಿದ ಮಕ್ಕಳನ್ನು ನೋಡುತ್ತಾ ಬಂದವರು. ಅಲ್ಲಿಗೆ ಎಂ.ಆರ್.ಐ. ಯಂತ್ರ ಬಂದ ಮೇಲೆ, 2015ರಲ್ಲಿ ಅವರ ತಂಡ ಆ ಮಕ್ಕಳು ಯಾಕೆ ಸಾಯುತ್ತವೆ ಅಂತ ತೋರಿಸಿತು. ಮಿದುಳು ಊದಿಕೊಂಡು, ಉಸಿರಾಟ ನಡೆಸುವ ಬುಡದ ಭಾಗವನ್ನು ಅದುಮುತ್ತದೆ. ಊತ ಇಳಿಯುವವರೆಗೆ ತಡೆದುಕೊಂಡ ಮಗು ಬದುಕಿಕೊಳ್ಳುತ್ತದೆ.