ಐದು ದಿನದ ಸಭೆಗೆ ಹದಿನಾಲ್ಕು ದುಭಾಷಿಗಳು ಏಕೆ ಬೇಕು?

ಓದುಗರ ಪ್ರಶ್ನೆ: ಆರ್ಥಿಕ ಚೇತರಿಕೆಯಂಥ ವಿಷಯಕ್ಕೆ ಹತ್ತಾರು ದೇಶಗಳ ಸರ್ಕಾರಗಳು ಸಭೆ ಸೇರುತ್ತವೆ. ಅದನ್ನು ನಡೆಸುವ ಸಂಸ್ಥೆಗೆ ಕಾಯಂ ನೌಕರರು ಇದ್ದೇ ಇರುತ್ತಾರೆ. ಆದರೂ ನಾಲ್ಕೈದು ದಿನಕ್ಕೆಂದು ಅಷ್ಟೊಂದು ತಾತ್ಕಾಲಿಕ ಸಿಬ್ಬಂದಿಯನ್ನು ಏಕೆ ಕರೆಸುತ್ತಾರೆ? ಎಷ್ಟು ಜನ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಈ ಲೆಕ್ಕ ಪ್ರತಿನಿಧಿಗಳ ಸಂಖ್ಯೆಯಿಂದ ಶುರುವಾಗುವುದಿಲ್ಲ. ಸಭೆ ಎಷ್ಟು ಭಾಷೆಗಳಲ್ಲಿ ನಡೆಯುತ್ತದೆ, ಒಟ್ಟು ಎಷ್ಟು ಕಲಾಪಗಳಿವೆ, ದಾಖಲೆಗಳು ಯಾವ ತಾರೀಖಿಗೆ ಕೈಸೇರುತ್ತವೆ ಎನ್ನುವ ಮೂರು ಸಂಗತಿಗಳು ಅದನ್ನು ನಿರ್ಧರಿಸುತ್ತವೆ. ಮುನ್ನೂರು ಪ್ರತಿನಿಧಿಗಳ ಜಾಗದಲ್ಲಿ ಐನೂರು ಜನ ಬಂದರೆ ಕುರ್ಚಿ, ನೋಂದಣಿ ಮೇಜು, ಊಟದ ಏರ್ಪಾಡು ಹೆಚ್ಚುತ್ತದೆ, ಅಷ್ಟೇ. ಭಾಷೆಯೊಂದು ಹೆಚ್ಚಾದರೆ ಅಥವಾ ದಾಖಲೆ ಎರಡು ವಾರ ತಡವಾದರೆ ಮಾತ್ರ ಇಡೀ ಬಜೆಟ್ಟೇ ಅಲುಗಾಡುತ್ತದೆ.

ಉದಾಹರಣೆಗೆ ಬ್ಯಾಂಕಾಕ್‌ನಲ್ಲಿರುವ ವಿಶ್ವಸಂಸ್ಥೆಯ ಏಷ್ಯಾ ಮತ್ತು ಪೆಸಿಫಿಕ್ ಆರ್ಥಿಕ ಸಾಮಾಜಿಕ ಆಯೋಗವನ್ನು ತೆಗೆದುಕೊಳ್ಳೋಣ. ಎಲ್ಲರೂ ಎಸ್ಕ್ಯಾಪ್ ಎಂದೇ ಕರೆಯುವ ಈ ಸಂಸ್ಥೆ ಹುಟ್ಟಿದ್ದೇ ಆರ್ಥಿಕ ಚೇತರಿಕೆಗಾಗಿ. ಎರಡನೆಯ ಮಹಾಯುದ್ಧದಲ್ಲಿ ನುಗ್ಗಾದ ಏಷ್ಯಾವನ್ನು ಮತ್ತೆ ಕಟ್ಟುವ ಉದ್ದೇಶದಿಂದ 1947ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಯಿತು. ಮೊದಲ ಅಧಿವೇಶನ ಶಾಂಘೈಯಲ್ಲಿ ನಡೆಯಿತು. ಮೂರನೆಯದು ನಮ್ಮ ಮೈಸೂರಿನ ಪಕ್ಕದ ಊಟಿಯಲ್ಲಿ, 1948ರ ಜೂನ್‌ನಲ್ಲಿ. ಆಗ ಅದರ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿದ್ದವರು ಭಾರತದ ಅರ್ಥಶಾಸ್ತ್ರಜ್ಞ ಪಿ. ಎಸ್. ಲೋಕನಾಥನ್. ಕೋವಿಡ್ ನಂತರ 2021ರ ಏಪ್ರಿಲ್‌ನಲ್ಲಿ ಸೇರಿದ 77ನೆಯ ಅಧಿವೇಶನದ ವಿಷಯವೂ ಬಿಕ್ಕಟ್ಟಿನಿಂದ ಮೇಲೇಳುವುದೇ ಆಗಿತ್ತು. ಇಂದು ಇದರಲ್ಲಿ 53 ಸದಸ್ಯ ದೇಶಗಳೂ 9 ಸಹಸದಸ್ಯ ಪ್ರದೇಶಗಳೂ ಇವೆ. ಅಧಿಕೃತ ಭಾಷೆಗಳು ನಾಲ್ಕು: ಇಂಗ್ಲಿಷ್, ಫ್ರೆಂಚ್, ರಷ್ಯನ್ ಮತ್ತು ಚೀನೀ.

ದುಭಾಷಿಗಳ ಲೆಕ್ಕದಿಂದ ಆರಂಭಿಸೋಣ. ಒಂದು ಕಲಾಪವೆಂದರೆ ಹೆಚ್ಚೆಂದರೆ ಮೂರು ಗಂಟೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಕೇಳುತ್ತಲೇ ಮಾತಾಡುವ ಈ ಕೆಲಸವನ್ನು ಯಾರೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಚೆನ್ನಾಗಿ ಮಾಡಲಾರರು. ಹಾಗಾಗಿ ಒಂದು ಭಾಷೆಯ ದುಭಾಷಿಗಳು ಕೂರುವ ಕೋಣೆಗೆ, ಅಂದರೆ ಒಂದು ಬೂತ್‌ಗೆ ಇಬ್ಬರು, ಸರದಿಯ ಮೇಲೆ. ಈ ನಾಲ್ಕರಲ್ಲಿ ಚೀನೀ ಬೂತ್‌ಗೆ ಮಾತ್ರ ಮೂವರು ಬೇಕು. ಉಳಿದ ಬೂತ್‌ನವರು ತಮ್ಮ ಭಾಷೆಗೆ ಮಾತ್ರ ತರುತ್ತಾರೆ. ಚೀನೀ ಬೂತ್‌ನವರು ಚೀನೀ ಪ್ರತಿನಿಧಿ ಮಾತಾಡುವಾಗ ಅದನ್ನು ಇಂಗ್ಲಿಷ್‌ಗೋ ಫ್ರೆಂಚ್‌ಗೋ ಒಯ್ಯುವ ಕೆಲಸವನ್ನೂ ಹೊರುತ್ತಾರೆ. ಅಂದರೆ ನಾಲ್ಕು ಭಾಷೆಯ ಒಂದು ಕಲಾಪಕ್ಕೆ ಒಂಬತ್ತು ಜನ. ನ್ಯೂಯಾರ್ಕ್‌ನಂತೆ ಅರೇಬಿಕ್ ಮತ್ತು ಸ್ಪ್ಯಾನಿಷ್ ಕೂಡ ಸೇರಿ ಆರು ಭಾಷೆಯಾದರೆ ಹದಿನಾಲ್ಕು, ಏಕೆಂದರೆ ಅರೇಬಿಕ್ ಬೂತ್‌ಗೂ ಮೂವರು ಬೇಕು.

ಇದರ ಮೇಲೆ ವಾರದ ಮಿತಿಯೊಂದಿದೆ. ವಿಶ್ವಸಂಸ್ಥೆಯಲ್ಲಿ ಒಬ್ಬ ದುಭಾಷಿಗೆ ವಾರಕ್ಕೆ ಸಾಮಾನ್ಯವಾಗಿ ಏಳು ಕಲಾಪ. ಐದು ದಿನ, ದಿನಕ್ಕೆರಡರಂತೆ ಹತ್ತು ಕಲಾಪವಾದರೆ ಇಂಗ್ಲಿಷ್ ಬೂತ್‌ಗೆ ಇಬ್ಬರಂತೆ ಇಪ್ಪತ್ತು ಸರದಿ. ಏಳರಿಂದ ಭಾಗಿಸಿದರೆ ಮೂವರು ಬೇಕು. ಫ್ರೆಂಚ್, ರಷ್ಯನ್‌ಗೂ ಹಾಗೆಯೇ. ಚೀನೀ ಬೂತ್‌ಗೆ ಮೂವತ್ತು ಸರದಿ, ಅಂದರೆ ಐವರು. ಒಟ್ಟು ಹದಿನಾಲ್ಕು. ಸಭೆಯನ್ನು ನಾಲ್ಕು ದಿನಕ್ಕೆ ಇಳಿಸಿದರೆ ಎಷ್ಟು ಉಳಿತಾಯ? ಎಂಟು ಕಲಾಪಕ್ಕೆ ಅದೇ ಲೆಕ್ಕ ಹಾಕಿದರೆ ಹದಿಮೂರು, ಉಳಿತಾಯ ಒಬ್ಬರದೇ. ಅದೇ ಸಭೆಯನ್ನು ಮೂರೂವರೆ ದಿನಕ್ಕೆ, ಏಳು ಕಲಾಪಕ್ಕೆ ಹೊಂದಿಸಿದರೆ ಒಂಬತ್ತು ಜನ ಸಾಕು. ಕಾರ್ಯಸೂಚಿ ಬರೆಯುವವರು ಈ ಗುಣಾಕಾರವನ್ನು ಮೊದಲೇ ಮಾಡಬೇಕು, ಆದರೆ ಬಹಳ ಕಡೆ ಇದು ನೆನಪಾಗುವುದು ಗುತ್ತಿಗೆ ಪತ್ರ ಹೋದ ಮೇಲೆ. ಇನ್ನೊಂದು ಮಾತು: ಒಂಬತ್ತೇ ಜನರನ್ನು ಕರೆಸಿದ್ದರೆ ರಾತ್ರಿ ಕಲಾಪವನ್ನು ದಿಢೀರನೆ ಸೇರಿಸಲು ಆಗುವುದಿಲ್ಲ. ಅಧ್ಯಕ್ಷರು ‘ಇನ್ನೊಂದು ಗಂಟೆ ಮುಂದುವರಿಸೋಣ’ ಎಂದಾಗ ದುಭಾಷಿಗಳು ಎದ್ದು ಹೋದರೆ ಅದನ್ನು ಹಟವೆಂದು ತಿಳಿಯಬಾರದು. ಅವರ ಪಾಲಿನ ಗಂಟೆಗಳು ಮುಗಿದಿರುತ್ತವೆ.

ಇನ್ನು ದಾಖಲೆಗಳು. ವೆಚ್ಚ ಸೋರಿಹೋಗುವುದು ಇಲ್ಲಿಯೇ. ವಿಶ್ವಸಂಸ್ಥೆಯ ರೂಢಿಯ ಪ್ರಕಾರ ವರದಿಗಳು ಅಧಿವೇಶನಕ್ಕೆ ಹತ್ತು ವಾರ ಮೊದಲು ಸಂಪಾದಕರ ಕೈಸೇರಬೇಕು, ನಾಲ್ಕು ವಾರಗಳಲ್ಲಿ ಅನುವಾದ ಮುಗಿಯಬೇಕು, ಆರು ವಾರ ಇರುವಾಗ ಎಲ್ಲ ಭಾಷೆಗಳಲ್ಲೂ ದೇಶಗಳಿಗೆ ತಲುಪಬೇಕು. ಸಂಸ್ಥೆಯ ಕಾಯಂ ಕಚೇರಿಯಾದ ಸಚಿವಾಲಯ ಬರೆಯುವ ಒಂದು ವರದಿಗೆ 8,500 ಪದಗಳ ಮಿತಿ. ಅಂಥ ಹತ್ತು ವರದಿಗಳನ್ನು ಇಂಗ್ಲಿಷ್‌ನಿಂದ ಮೂರು ಭಾಷೆಗೆ ತರಬೇಕೆಂದರೆ 2,55,000 ಪದ. ಒಬ್ಬ ಅನುವಾದಕ ದಿನಕ್ಕೆ 1,800 ಪದ ಮಾಡಿದರೂ ಸುಮಾರು 142 ದಿನಗಳ ಕೆಲಸ. ನಾಲ್ಕು ವಾರದ ಇಪ್ಪತ್ತು ಕೆಲಸದ ದಿನಗಳಿಗೆ ಹಂಚಿದರೆ ಏಳು ಅನುವಾದಕರು, ಜೊತೆಗೆ ತಿದ್ದುವ ಹಿರಿಯರು. ಬರೆಯುವ ವಿಭಾಗ ಎರಡು ವಾರ ತಡಮಾಡಿದರೆ ಅದೇ ಕೆಲಸಕ್ಕೆ ಹದಿನಾಲ್ಕು ಜನ. ಕಾಯಂ ಅನುವಾದಕರು ಅಷ್ಟು ಇರುವುದಿಲ್ಲ, ಇಟ್ಟುಕೊಂಡರೆ ಉಳಿದ ತಿಂಗಳು ಕೆಲಸವಿರುವುದಿಲ್ಲ. ಹಾಗಾಗಿ ಹೆಚ್ಚಿನ ಪಾಲನ್ನು ಪದದ ಲೆಕ್ಕದಲ್ಲಿ ಹೊರಗುತ್ತಿಗೆಗೆ ಕೊಡುತ್ತಾರೆ. ಹಿಂದಿನ ನಿರ್ಣಯಗಳಲ್ಲಿ ಒಪ್ಪಿಕೊಂಡ ಪದಗಳು, ಇಲಾಖೆಗಳ ಹೆಸರು, ನಿಧಿಗಳ ಹೆಸರು ಇರುವ ಪದಪಟ್ಟಿಯನ್ನು ಅವರಿಗೆ ಮೊದಲ ದಿನವೇ ಕಳಿಸದಿದ್ದರೆ ಒಂದೇ ಯೋಜನೆಗೆ ಮೂರು ವರದಿಯಲ್ಲಿ ಮೂರು ಹೆಸರು ಬರುತ್ತದೆ. ಸಾಲ ಮನ್ನಾ, ಸಾಲ ಮರುಹೊಂದಾಣಿಕೆ, ಸಾಲದ ಕಂತು ಮುಂದೂಡಿಕೆ ಇವು ಮೂರೂ ಬೇರೆ. ಚೇತರಿಕೆಯ ಸಭೆಯಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಿದ್ದರೆ ಹಣಕಾಸು ಇಲಾಖೆಯವರು ಆಕ್ಷೇಪ ಎತ್ತದೆ ಬಿಡುವುದಿಲ್ಲ.

ಅಧಿವೇಶನ ನಡೆಯುವಾಗ ಅತ್ಯಂತ ಬಿಗಿಯಾದ ಹೊತ್ತು ಕೊನೆಯ ರಾತ್ರಿ. ಮರುದಿನ ಅಂಗೀಕಾರವಾಗಬೇಕಾದ ವರದಿಯ ಕರಡು ಸಂಜೆ ಸಿದ್ಧವಾಗುತ್ತದೆ, ಬೆಳಿಗ್ಗೆ ಎಲ್ಲ ಭಾಷೆಗಳಲ್ಲೂ ಮೇಜಿನ ಮೇಲಿರಬೇಕು. 6,000 ಪದದ ಕರಡಾದರೆ ಪ್ರತಿ ಭಾಷೆಗೂ ಮೂವರು ಅನುವಾದಕರು ಮತ್ತು ತುಂಡುಗಳನ್ನು ಒಂದು ಧಾಟಿಗೆ ತರುವ ಒಬ್ಬ ಹಿರಿಯರು ಬೇಕು. ಹಗಲಿಡೀ ದುಡಿದವರನ್ನೇ ರಾತ್ರಿಗೂ ಕೂರಿಸುವುದು ಎಲ್ಲ ಕಡೆ ಕಾಣುವ ತಪ್ಪು. ರಾತ್ರಿ ಪಾಳಿಗೆ ಬೇರೆ ಜನರನ್ನು ಮೊದಲೇ ಗೊತ್ತುಮಾಡಿರಬೇಕು. ಅವರ ವಾಹನ, ಊಟ, ಕಟ್ಟಡದ ಪಾಸು ಎಲ್ಲವೂ ರಾತ್ರಿ ಹತ್ತರ ನಂತರವೂ ನಡೆಯುವಂತಿರಬೇಕು. ಕರಡು ಸಮಿತಿ ಮಾತ್ರ ಬಹುಪಾಲು ಇಂಗ್ಲಿಷ್‌ನಲ್ಲೇ, ದುಭಾಷಿಗಳಿಲ್ಲದೆ ಸೇರುತ್ತದೆ. ಅಲ್ಲಿ ಬೇಕಾದವರು ಪರದೆಯ ಮೇಲೆ ತಿದ್ದುಪಡಿಗಳನ್ನು ಬರೆಯುವ ಒಬ್ಬರು. ಒಪ್ಪಿಗೆಯಾಗದ ಸಾಲು ಚೌಕಾವರಣದೊಳಗೆ ಉಳಿಯಬೇಕು, ಯಾವ ದೇಶ ಯಾವ ಪದ ಕೇಳಿತು ಎಂದು ಗುರುತಿರಬೇಕು, ಗಂಟೆಗೊಮ್ಮೆ ತಾರೀಖು ಮತ್ತು ಸಮಯ ಹಾಕಿ ಪ್ರತಿ ಉಳಿಸಬೇಕು. ಹಳೆಯ ಪ್ರತಿಯೊಂದು ಅನುವಾದಕ್ಕೆ ಹೋಗಿಬಿಟ್ಟರೆ ಆ ರಾತ್ರಿಯ ಶ್ರಮವೆಲ್ಲ ವ್ಯರ್ಥ.

ಸಭಾಂಗಣದ ಸಹಾಯಕರ ಕೆಲಸ ಸಣ್ಣದಾಗಿ ಕಂಡರೂ ಸಣ್ಣದಲ್ಲ. ದೇಶಗಳ ಫಲಕಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಇಡಬೇಕು. ದೇಶ ಹೆಸರು ಬದಲಿಸಿಕೊಂಡಿದ್ದರೆ ಹಳೆಯ ಫಲಕ ಪೆಟ್ಟಿಗೆಯಲ್ಲೂ ಇರಬಾರದು. ಭಾಷಣಕಾರರ ಪಟ್ಟಿ ನೋಡಿಕೊಳ್ಳುವವರು ಓದುವ ಭಾಷಣದ ಪ್ರತಿಯನ್ನು ಮೊದಲೇ ಕೇಳಿ ಪಡೆದು ಬೂತ್‌ಗಳಿಗೆ ಮುಟ್ಟಿಸಬೇಕು. ನಿಮಿಷಕ್ಕೆ 100ರಿಂದ 120 ಪದದ ವೇಗವಿದ್ದರೆ ದುಭಾಷಿ ಅನುಸರಿಸಬಲ್ಲರು. ಮೂರು ನಿಮಿಷದ ಮಿತಿಗೆ ಆರು ನಿಮಿಷದ ಭಾಷಣ ತುರುಕಿ ಓಡಿಸಿದರೆ, ಅಂಕಿಅಂಶಗಳೇ ಮೊದಲು ಬಿದ್ದುಹೋಗುತ್ತವೆ. ಹೆಡ್‌ಫೋನನ್ನು ಚಾಲೂ ಇರುವ ಮೈಕಿನ ಹತ್ತಿರ ಇಟ್ಟರೆ ಕಿರ್ರೆನ್ನುವ ಸದ್ದು ನೇರ ದುಭಾಷಿಯ ಕಿವಿಗೆ ಹೊಡೆಯುತ್ತದೆ. ಕಿವಿಗೆ ಶಾಶ್ವತ ಪೆಟ್ಟಾಗುವುದೂ ಉಂಟು. ಇದನ್ನು ಪ್ರತಿನಿಧಿಗಳಿಗೆ ಹೇಳಲು ಸಹಾಯಕರು ಸಂಕೋಚಪಡಬಾರದು.

ಆನ್‌ಲೈನ್‌ನಲ್ಲಿ ಸೇರಿದರೆ ಸಿಬ್ಬಂದಿ ಕಡಿಮೆ ಸಾಕೆನ್ನುವುದು ತಪ್ಪು ತಿಳಿವಳಿಕೆ. ಧ್ವನಿ ಕಳಪೆಯಾದಷ್ಟೂ ದುಭಾಷಿಗಳು ಬೇಗ ದಣಿಯುತ್ತಾರೆ. ಅದಕ್ಕೇ ಕೋವಿಡ್ ಕಾಲದಲ್ಲಿ ಇಂಥ ಕಲಾಪಗಳನ್ನು ಎರಡು ಗಂಟೆಗೆ ಇಳಿಸುತ್ತಿದ್ದರು. ಅದೇ ಕಾರ್ಯಸೂಚಿಗೆ ಕಲಾಪಗಳು ಹೆಚ್ಚಾದವು. ಪ್ರತಿ ವಕ್ತಾರರ ಮೈಕನ್ನು ಹಿಂದಿನ ದಿನವೇ ಪರೀಕ್ಷಿಸುವ ತಂತ್ರಜ್ಞರೂ ಬೇಕಾದರು. ಬ್ಲೂಟೂತ್ ಬೇಡ, ಯುಎಸ್‌ಬಿ ತಂತಿಯ ಹೆಡ್‌ಸೆಟ್, ತಂತಿಯ ಇಂಟರ್ನೆಟ್ ಇರಲಿ.

ಹಣ ಯಾರದು? ತನ್ನ ಕೇಂದ್ರದಲ್ಲಿ ನಡೆದರೆ ಸಂಸ್ಥೆಯದೇ ಬಜೆಟ್. ಸದಸ್ಯ ದೇಶವೊಂದು ‘ನಮ್ಮಲ್ಲಿಗೆ ಬನ್ನಿ’ ಎಂದು ಕರೆದರೆ, ಅದರಿಂದ ಬೀಳುವ ಹೆಚ್ಚುವರಿ ಖರ್ಚನ್ನು ಆ ದೇಶವೇ ಹೊರಬೇಕೆಂದು ವಿಶ್ವಸಂಸ್ಥೆಯ ಮಹಾಸಭೆಯ 1985ರ 40/243ನೆಯ ನಿರ್ಣಯ ಹೇಳುತ್ತದೆ. ಹೊರಗಿನಿಂದ ಬರುವ ಸಿಬ್ಬಂದಿಯ ವಿಮಾನ ದರ, ದಿನಭತ್ಯೆ ಅದರಲ್ಲಿ ಸೇರುತ್ತದೆ. ನೋಂದಣಿ ಮೇಜಿನವರು, ಚಾಲಕರು, ಸಂಪರ್ಕ ಅಧಿಕಾರಿಗಳು ಸ್ಥಳೀಯರೇ. ಜಿ20ಗೆ ಕಾಯಂ ಸಚಿವಾಲಯವೇ ಇಲ್ಲ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಣಕಾಸು ಸಚಿವರ ಸಭೆ, ಜುಲೈನಲ್ಲಿ ಹಂಪಿಯಲ್ಲಿ ಶೆರ್ಪಾಗಳ (ದೇಶದ ನಾಯಕರ ಪರವಾಗಿ ಮಾತುಕತೆ ನಡೆಸುವವರ) ಸಭೆ ನಡೆದಾಗ ಎಲ್ಲ ಹೊಣೆ ಆತಿಥೇಯ ಭಾರತದ್ದೇ ಆಗಿತ್ತು.

ಈ ಕೆಲಸಕ್ಕೆ ಸೇರಬೇಕೆನ್ನುವವರಿಗೆ: ಗುಮಾಸ್ತ ಮತ್ತು ಸಭಾಂಗಣದ ಹುದ್ದೆಗಳಿಗೆ ವಿಶ್ವಸಂಸ್ಥೆ ಆಯಾ ಊರಿನಲ್ಲೇ ಜನರನ್ನು ತೆಗೆದುಕೊಳ್ಳುತ್ತದೆ. ಬ್ಯಾಂಕಾಕ್‌ನ ಅಂಥ ಕೆಲಸಕ್ಕೆ ಬೆಂಗಳೂರಿನಿಂದ ಅರ್ಜಿ ಹಾಕಿ ಫಲವಿಲ್ಲ. ಅನುವಾದಕರಿಗೂ ದುಭಾಷಿಗಳಿಗೂ ಪರೀಕ್ಷೆಯಿದೆ. ಇಂಗ್ಲಿಷ್ ಬೂತ್‌ಗೆ ಬೇರೆ ಎರಡು ಅಧಿಕೃತ ಭಾಷೆಗಳು, ಉದಾಹರಣೆಗೆ ಫ್ರೆಂಚ್ ಮತ್ತು ರಷ್ಯನ್, ಕೇಳಿದ ಕೂಡಲೇ ಪೂರ್ತಿ ತಿಳಿಯುವಷ್ಟು ಬರಬೇಕು. ತಾತ್ಕಾಲಿಕ ನೇಮಕಾತಿ ಒಂದು ವರ್ಷಕ್ಕಿಂತ ಕಡಿಮೆ ಅವಧಿಯದು, ಅದರಿಂದ ಕಾಯಂ ಹುದ್ದೆಯ ಹಕ್ಕು ಬರುವುದಿಲ್ಲ. ಅರ್ಜಿ, ಸಂದರ್ಶನ, ತರಬೇತಿ, ಯಾವ ಹಂತದಲ್ಲೂ ವಿಶ್ವಸಂಸ್ಥೆ ಶುಲ್ಕ ಕೇಳುವುದಿಲ್ಲ. ‘ಸಭೆಗೆ ಸಿಬ್ಬಂದಿ ಬೇಕಾಗಿದ್ದಾರೆ, ನೋಂದಣಿಗೆ ಇಷ್ಟು ಹಣ ಕಳಿಸಿ’ ಎಂಬ ಸಂದೇಶ ಬಂದರೆ ಅದು ಮೋಸವೇ. ಹಣವನ್ನಾಗಲಿ ಪಾಸ್‌ಪೋರ್ಟ್ ಪ್ರತಿಯನ್ನಾಗಲಿ ಕಳಿಸಬೇಡಿ.