ಸಾಕ್ಷಿ ಹೇಳಿದ ದಂಪತಿ ಅಗಲಿದಾಗ

ಪ್ರಾರ್ಥನೆ, ಮದುವೆ, ಮಕ್ಕಳ ಪಾಲನೆ ಎಂದು ಜೋಡಿಯಾಗಿ ಕುಳಿತು ವಿಡಿಯೋ ಮಾಡುತ್ತಿದ್ದ ಕ್ರೈಸ್ತ ದಂಪತಿ ಬೇರೆಯಾದ ಸುದ್ದಿ ಬಂದ ಕೂಡಲೇ ನೋಡುಗರು ಹಳೆಯ ವಿಡಿಯೋಗಳನ್ನು ಮತ್ತೆ ತೆರೆಯುತ್ತಾರೆ. ಹೆಂಡತಿಯ ಬೆರಳಿನಲ್ಲಿ ಉಂಗುರ ಯಾವ ತಿಂಗಳಿನಿಂದ ಕಾಣುತ್ತಿಲ್ಲ, ಗಂಡ ಯಾವ ಭಾನುವಾರದಿಂದ ಚರ್ಚಿನ ಚಿತ್ರಗಳಲ್ಲಿಲ್ಲ, ಇಬ್ಬರ ಹೆಸರಿದ್ದ ಚಾನೆಲ್ ಯಾವಾಗ ಒಬ್ಬರ ಹೆಸರಿಗೆ ಬದಲಾಯಿತು ಎಂದು ಲೆಕ್ಕ ಹಾಕುತ್ತಾರೆ. ದಂಪತಿ ದೂರದ ಅಮೆರಿಕದವರಾದರೂ ಆ ಲೆಕ್ಕ ಮುಂಬಯಿಯ ಕಲೀನಾ, ಮರೋಳ, ಓರ್ಲೆಮ್‌ಗಳಲ್ಲಿ ನೆಲೆಸಿ ಮನೆಯಲ್ಲಿ ಕೊಂಕಣಿ ಆಡುವ, ಓದಿಗೆ ಕನ್ನಡ ಹಿಡಿಯುವ ಕುಟುಂಬಗಳ ವಾಟ್ಸಾಪ್ ಗುಂಪುಗಳವರೆಗೂ ಬರುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಬಂದ ಮೆಥೊಡಿಸ್ಟ್ ಕುಟುಂಬಗಳಲ್ಲೂ ಚರ್ಚೆಯಾಗುತ್ತದೆ. ಇಷ್ಟು ದಿನ ನಮಗೆ ಸುಳ್ಳು ಹೇಳಿದರು ಎಂಬಲ್ಲಿಂದ ಶುರುವಾದ ಮಾತು, ತಪ್ಪು ಯಾರದು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಈ ಎರಡನೆಯ ಪ್ರಶ್ನೆ ಇಂಟರ್ನೆಟ್ಟಿನ ಕಾಲದಲ್ಲಿ ಹುಟ್ಟಿದ್ದಲ್ಲ. ಅದನ್ನು ನಮ್ಮ ಬಾಯಿಗೆ ಹಾಕಿಕೊಟ್ಟಿದ್ದು ಹಳೆಯ ಕಾನೂನು ಎಂಬುದು ನನ್ನ ಅಭಿಪ್ರಾಯ.

ಕ್ರೈಸ್ತರ ಮದುವೆ ಬಹುಕಾಲದಿಂದ ಊರಿನ ಎದುರು ನಡೆಯುವ ಕಾರ್ಯ. ಕ್ಯಾಥೊಲಿಕ್ ಧರ್ಮಸಭೆಯ 1215ರ ಲ್ಯಾಟೆರನ್ ಮಹಾಸಭೆ ಗುಟ್ಟಿನ ಮದುವೆಗಳನ್ನು ತಡೆಯಲು ವಿವಾಹದ ಮುನ್ಘೋಷಣೆಯನ್ನು ಎಲ್ಲೆಡೆಗೂ ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಮೂರು ಬಾರಿ ಘೋಷಣೆ, ಪಾದ್ರಿ ಮತ್ತು ಸಾಕ್ಷಿಗಳ ಸಮ್ಮುಖದಲ್ಲಿ ಒಪ್ಪಿಗೆ ಎಂಬ ನಿಯಮ ಮಾಡಿತು. ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದರೆ ಹೇಳಿ ಎಂದು ಸಭೆಯನ್ನೇ ಕೇಳುವ ಈ ಪದ್ಧತಿಯ ಹಿಂದೆ ಕರುಣೆಯಿತ್ತು: ಗುಟ್ಟಾಗಿ ಕೈಹಿಡಿದು ನಂತರ ಮದುವೆಯೇ ಆಗಿಲ್ಲ ಎನ್ನುವ ಗಂಡಸಿನಿಂದ ಹೆಣ್ಣನ್ನು ಕಾಯುವುದಕ್ಕೆ ಊರಿನ ಕಣ್ಣು ಬೇಕಾಗಿತ್ತು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯಲ್ಲೂ ಮದುವೆಯ ನೋಟಿಸನ್ನು ಚರ್ಚಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುವ ವಿಧಿ ಇದೆ.

ಇದರ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಇನ್ನೊಂದು ರೂಢಿ ಬೆಳೆಯಿತು. ಸಭೆಯ ಮುಂದೆ ನಿಂತು ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ಹೇಳುವುದಕ್ಕೆ ಕನ್ನಡ ಕ್ರೈಸ್ತರು 'ಸಾಕ್ಷಿ ಹೇಳುವುದು' ಎನ್ನುತ್ತಾರೆ. 1962ರಲ್ಲಿ ಸ್ಪೇನಿನಲ್ಲಿ ಆರಂಭವಾಗಿ ಮುಂದೆ ಭಾರತಕ್ಕೂ ಬಂದ ಮ್ಯಾರೇಜ್ ಎನ್‌ಕೌಂಟರ್ ಶಿಬಿರಗಳಲ್ಲಿ ಗಂಡ ಹೆಂಡತಿ ಜೊತೆಯಾಗಿ ತಮ್ಮ ಸಂಸಾರದ ಏಳುಬೀಳುಗಳನ್ನು ಇತರ ದಂಪತಿಗಳ ಮುಂದೆ ತೆರೆದಿಟ್ಟರು. ಇಂದು ಯೂಟ್ಯೂಬಿನಲ್ಲಿ ಕಾಣುವ ಕ್ರೈಸ್ತ ಜೋಡಿ ಈ ಸಾಕ್ಷಿಯ ಪರಂಪರೆಗೇ ಸೇರಿದವರು. ಆದರೆ ಶಿಬಿರದ ಸಾಕ್ಷಿ ಎರಡು ದಿನಗಳಲ್ಲಿ ಮುಗಿಯುತ್ತಿತ್ತು, ಕೇಳಿದವರು ಪರಿಚಯದವರಾಗಿರುತ್ತಿದ್ದರು. ಚಾನೆಲ್ಲಿನ ಸಾಕ್ಷಿ ವಾರವಾರವೂ ನಡೆಯಬೇಕು, ಅದರ ಜೊತೆ ಜಾಹೀರಾತೂ ಬರುತ್ತದೆ, ಮತ್ತು ಮದುವೆ ಚೆನ್ನಾಗಿದೆ ಎಂದು ತೋರಿಸುವುದೇ ಹೊಟ್ಟೆಪಾಡಾಗುತ್ತದೆ.

ಅಮೆರಿಕ ಇದನ್ನು ಮೊದಲೇ ಕಂಡಿದೆ. ಜಿಮ್ ಮತ್ತು ಟ್ಯಾಮಿ ಫೇ ಬೇಕರ್ ದಂಪತಿ 1974ರಿಂದ ಟಿವಿಯಲ್ಲಿ ಜೋಡಿಯಾಗಿ ಬೋಧಿಸುತ್ತಿದ್ದರು. 1987ರಲ್ಲಿ ಲೈಂಗಿಕ ಹಗರಣ ಬಯಲಾಗಿ ಜಿಮ್ ರಾಜೀನಾಮೆ ಕೊಟ್ಟರು, 1989ರಲ್ಲಿ ಭಕ್ತರ ಹಣದ ವಂಚನೆಗಾಗಿ ಶಿಕ್ಷೆಯಾಯಿತು, 1992ರಲ್ಲಿ ವಿಚ್ಛೇದನವಾಯಿತು. ಗಾಯಕಿ ಏಮಿ ಗ್ರಾಂಟ್ 1999ರಲ್ಲಿ ವಿಚ್ಛೇದನ ಪಡೆದಾಗ ಕೆಲವು ಕ್ರೈಸ್ತ ರೇಡಿಯೋ ಕೇಂದ್ರಗಳು ಅವರ ಹಾಡುಗಳನ್ನು ನಿಲ್ಲಿಸಿದವು. ಮದುವೆಗೆ ಮುಂಚಿನ ಪ್ರಣಯವೇ ಬೇಡವೆಂದು 1997ರಲ್ಲಿ ಪುಸ್ತಕ ಬರೆದು ಒಂದು ಪೀಳಿಗೆಯ ಯುವಜನರನ್ನು ಪ್ರಭಾವಿಸಿದ ಜೋಶುವಾ ಹ್ಯಾರಿಸ್, 2018ರಲ್ಲಿ ಆ ಪುಸ್ತಕದ ಪ್ರಕಟಣೆಯನ್ನು ನಿಲ್ಲಿಸುವುದಾಗಿ ಹೇಳಿ, 2019ರ ಜುಲೈಯಲ್ಲಿ ತಾವೂ ಪತ್ನಿಯೂ ಬೇರೆಯಾಗುತ್ತಿರುವುದನ್ನು ಇನ್‌ಸ್ಟಾಗ್ರಾಮಿನಲ್ಲಿ ತಿಳಿಸಿದರು. ಮೊದಲ ಪ್ರಕರಣದಲ್ಲಿ ಜನರಿಗೆ ಹಣಕಾಸಿನ ಮೋಸವಾಗಿತ್ತು. ಎರಡನೆಯದರಲ್ಲಿ ಯಾರಿಗೂ ಯಾವ ಮೋಸವೂ ಆಗಿರಲಿಲ್ಲ. ಹ್ಯಾರಿಸ್ ವಿಷಯದಲ್ಲಿ ಅವರ ಉಪದೇಶ ನಂಬಿ ಬಾಳು ಕಟ್ಟಿಕೊಂಡವರಿಗೆ ಉತ್ತರ ಕೇಳುವ ಹಕ್ಕಿತ್ತು, ಅವರ ಮನೆಯೊಳಗಿನ ಮಾತಿನ ಮೇಲೆ ಇರಲಿಲ್ಲ. ಸಾರ್ವಜನಿಕ ಟೀಕೆ ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿತು.

ಇನ್ನು ನಮ್ಮ ನೆಲದ ಕಾನೂನಿಗೆ ಬರೋಣ. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆ ಇಂಗ್ಲೆಂಡಿನ 1857ರ ಕಾಯಿದೆಯ ಅಚ್ಚಿನಲ್ಲಿ ತಯಾರಾದದ್ದು. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತು ಮಾಡಿದರೆ ಸಾಕಿತ್ತು. ಹೆಂಡತಿಯಾದರೆ ಸಾಮಾನ್ಯವಾಗಿ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷದ ಪರಿತ್ಯಾಗವನ್ನೋ ತೋರಿಸಬೇಕಿತ್ತು. ಹೆಂಡತಿಯ ಜೊತೆ ಸಂಬಂಧವಿಟ್ಟವನಿಂದ ಗಂಡ ನಷ್ಟಪರಿಹಾರ ಕೇಳಬಹುದಿತ್ತು. ಪರಸ್ಪರ ಒಪ್ಪಿಗೆಯ ವಿಚ್ಛೇದನವೆಂಬುದು ಈ ಕಾಯಿದೆಯಲ್ಲಿ ಇರಲೇ ಇಲ್ಲ. ಹೊಂದಾಣಿಕೆಯಾಗದ ಇಬ್ಬರು ಒಳ್ಳೆಯ ಮಾತಿನಲ್ಲಿ ಬೇರೆಯಾಗಬೇಕೆಂದರೂ ದಾರಿಯಿಲ್ಲದೆ, ಒಬ್ಬರು ಇನ್ನೊಬ್ಬರ ಮೇಲೆ ಕಳಂಕ ಹೊರಿಸಬೇಕಾಗುತ್ತಿತ್ತು, ಇಲ್ಲವೇ ಒಳಗೊಳಗೇ ಸುಟ್ಟುಕೊಂಡು ಒಟ್ಟಿಗಿರಬೇಕಾಗುತ್ತಿತ್ತು. 1997ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣಪೀಠ ಈ ತಾರತಮ್ಯವನ್ನು ತೆಗೆದು, ಕ್ರೌರ್ಯ ಅಥವಾ ಪರಿತ್ಯಾಗವೊಂದರ ಮೇಲೆಯೇ ಕ್ರೈಸ್ತ ಹೆಂಡತಿ ವಿಚ್ಛೇದನ ಪಡೆಯಬಹುದೆಂದಿತು. 2001ರಲ್ಲಿ ಸಂಸತ್ತು ಕಾಯಿದೆಯನ್ನೇ ತಿದ್ದಿತು. ಅಂದರೆ ನೂರಮೂವತ್ತು ವರ್ಷಕ್ಕೂ ಹೆಚ್ಚು ಕಾಲ, ಕ್ರೈಸ್ತರ ಮನೆಗಳಲ್ಲಿ ವಿಚ್ಛೇದನ ಎಂಬ ಶಬ್ದ ಕಿವಿಗೆ ಬಿದ್ದರೆ ಯಾರದೋ ವ್ಯಭಿಚಾರವೆಂದೇ ಅರ್ಥವಾಗುತ್ತಿತ್ತು. ಇಂದಿಗೂ ಕಾಮೆಂಟುಗಳಲ್ಲಿ ಮೊದಲು ಹೆಂಡತಿಯ ನಡತೆಯನ್ನೇ ಶೋಧಿಸುವವರು, ರದ್ದಾದ ಆ ಕಲಮನ್ನು ಇನ್ನೂ ಜಾರಿಯಲ್ಲಿಟ್ಟಿದ್ದಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ.

2001ರ ತಿದ್ದುಪಡಿಯಿಂದ ಬಂದ 10ಎ ಕಲಮು ಪರಸ್ಪರ ಒಪ್ಪಿಗೆಗೆ ಅವಕಾಶ ಕೊಟ್ಟಿತು, ಆದರೆ ಅರ್ಜಿಗೆ ಮುಂಚೆ ಎರಡು ವರ್ಷ ಬೇರೆಯಾಗಿ ಬಾಳಿರಬೇಕೆಂದು ಹೇಳಿತು. ಹಿಂದೂ ವಿವಾಹ ಕಾಯಿದೆಯಲ್ಲೂ ವಿಶೇಷ ವಿವಾಹ ಕಾಯಿದೆಯಲ್ಲೂ ಈ ಅವಧಿ ಒಂದೇ ವರ್ಷ. ಕೇರಳ ಹೈಕೋರ್ಟ್ 2010ರಲ್ಲಿ ಎರಡು ವರ್ಷವನ್ನು ಒಂದು ವರ್ಷವೆಂದು ಓದಬೇಕೆಂದಿತು, ಕರ್ನಾಟಕ ಹೈಕೋರ್ಟೂ ಅದೇ ನಿಲುವು ತಳೆಯಿತು, 2022ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಆ ಒಂದು ವರ್ಷದ ಕಾಯುವಿಕೆಯೂ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪಿತ್ತಿತು. ಇನ್‌ಫ್ಲುಯೆನ್ಸರ್ ದಂಪತಿಯ ಮೇಲಿನ ಸಿಟ್ಟಿಗೆ ಈ ಕಲಮಿನ ನಂಟಿದೆ. ನಮ್ಮಲ್ಲಿ ಒಪ್ಪಿಗೆಯಿಂದ ಬೇರೆಯಾದ ಕ್ರೈಸ್ತ ಜೋಡಿಯ ಹಿಂದೆ, ಸುದ್ದಿ ಹೊರಬೀಳುವ ಹೊತ್ತಿಗೆ, ಕಾನೂನೇ ಹೇರಿದ ಒಂದು ದೀರ್ಘ ನಡುಗಾಲ ಕಳೆದಿರುತ್ತದೆ. ಬೇರೆಯಾಗಿ ಬಾಳುವುದೆಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ, ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಹಿಂದೂ ವಿವಾಹ ಕಾಯಿದೆಯ ಇಂಥದೇ ಕಲಮನ್ನು ವಿವರಿಸುತ್ತಾ ಹೇಳಿದೆ. ಎರಡನೆಯ ಮನೆಯ ಡಿಪಾಸಿಟ್ಟು, ಬಾಡಿಗೆ ಕಟ್ಟುವುದು ಎಷ್ಟು ಕಷ್ಟವೆಂದು ಬಲ್ಲ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ನಡುಗಾಲದಲ್ಲಿ ಒಂದೇ ಕೋಣೆಯಲ್ಲಿ ಇಬ್ಬರೂ ಕಾಣಿಸಿದ ವಿಡಿಯೋ ತನ್ನಷ್ಟಕ್ಕೆ ಸುಳ್ಳಿನ ಪುರಾವೆಯಾಗಲಾರದು.

ಮದುವೆಯ ಆರಂಭಕ್ಕೆ ಊರನ್ನು ಕರೆದ ವ್ಯವಸ್ಥೆ, ಕೊನೆಗೆ ಬಾಗಿಲು ಮುಚ್ಚುವ ಅವಕಾಶವನ್ನೂ ಇಟ್ಟಿದೆ. ವಿಚಾರಣೆಯನ್ನು ಮುಚ್ಚಿದ ಬಾಗಿಲಿನೊಳಗೆ ನಡೆಸಬಹುದೆಂಬ 53ನೆಯ ಕಲಮು 1869ರ ಕಾಯಿದೆಯಲ್ಲಿಯೇ ಇದೆ. 1984ರ ಕುಟುಂಬ ನ್ಯಾಯಾಲಯ ಕಾಯಿದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ಹಾಗೆ ನಡೆಸಲೇಬೇಕು. ಇಂಗ್ಲೆಂಡಿನ ಪತ್ರಿಕೆಗಳು ವಿಚ್ಛೇದನದ ಸಾಕ್ಷ್ಯಗಳನ್ನು ರಸವತ್ತಾಗಿ ಅಚ್ಚು ಹಾಕಿ ಹಾಕಿ, ಕೊನೆಗೆ 1926ರಲ್ಲಿ ಅದಕ್ಕೆ ಕಡಿವಾಣ ಹಾಕುವ ಕಾಯಿದೆಯೇ ಬೇಕಾಯಿತು.

ಕ್ಯಾಥೊಲಿಕರಿಗೆ ಇನ್ನೊಂದು ಬಾಗಿಲೂ ಇದೆ. ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದೆಂಬ ವಚನದ ಮೇಲೆ ನಿಂತ ಧರ್ಮಸಭೆ ವಿಚ್ಛೇದನವನ್ನು ಒಪ್ಪದು. ಮದುವೆಯ ದಿನ ಕೊಟ್ಟ ಒಪ್ಪಿಗೆ ನಿಜಕ್ಕೂ ಪೂರ್ಣವಾಗಿತ್ತೇ ಎಂದು ಅದರ ನ್ಯಾಯಮಂಡಳಿ ಪರಿಶೀಲಿಸಿ, ಇರಲಿಲ್ಲವಾದರೆ ಮದುವೆ ಅಸಿಂಧುವೆಂದು ಸಾರುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಮೊದಲ ತೀರ್ಪನ್ನು ಎತ್ತಿಹಿಡಿಯುವ ಎರಡನೆಯ ತೀರ್ಪಿನ ಅಗತ್ಯವನ್ನು ತೆಗೆದು ಈ ದಾರಿಯ ಉದ್ದವನ್ನು ಕಡಿಮೆ ಮಾಡಿದರು. ಆದರೆ ಈ ತೀರ್ಪಿಗೆ ಸರ್ಕಾರಿ ಕಾನೂನಿನ ಬಲವಿಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ಆ ಬಲವನ್ನು ಕೋರಿ ದಕ್ಷಿಣ ಕನ್ನಡದ ಕ್ಯಾಥೊಲಿಕ್ ಸಂಘದ ಮಾಜಿ ಅಧ್ಯಕ್ಷರೊಬ್ಬರು ಸಲ್ಲಿಸಿದ್ದ ಅರ್ಜಿ 2017ರ ಜನವರಿಯಲ್ಲಿ ವಜಾ ಆಯಿತು. ಹೀಗಾಗಿ ಮುಂಬಯಿಯ ಕ್ಯಾಥೊಲಿಕ್ ಜೋಡಿ ಬಾಂದ್ರಾ ಕುರ್ಲಾ ಸಂಕೀರ್ಣದ ಕುಟುಂಬ ನ್ಯಾಯಾಲಯಕ್ಕೂ ಮಹಾಧರ್ಮಪ್ರಾಂತ್ಯದ ನ್ಯಾಯಮಂಡಳಿಗೂ ಎರಡೂ ಕಡೆ ಅಲೆಯಬೇಕು. ಒಂದು ಕಡೆ ಮುಗಿದು ಇನ್ನೊಂದು ಕಡೆ ಬಾಕಿಯಿರುವಾಗ ನೀವು ಇನ್ನೂ ದಂಪತಿಯೇ ಎಂಬ ಪ್ರಶ್ನೆಗೆ ಅವರ ಬಳಿ ಒಂದೇ ಉತ್ತರವಿರುವುದಿಲ್ಲ. ಹೊಸ ಸ್ವತಂತ್ರ ಸಭೆಗಳಲ್ಲಾದರೋ ಬಿಷಪ್ಪರೂ ಇಲ್ಲ, ಮಂಡಳಿಯೂ ಇಲ್ಲ. ವಿಚಾರಿಸುವವರಿಲ್ಲದ ಆ ಜಾಗವನ್ನು ನೋಡುಗರೇ ತುಂಬಿಕೊಳ್ಳುತ್ತಾರೆ.

ಹಾಗೆಂದು ನೋಡುಗರ ಎಲ್ಲ ಪ್ರಶ್ನೆಗಳೂ ಅತಿಕ್ರಮಣವಲ್ಲ. ಸಂಸಾರ ಉಳಿಸುವ ಪಾಠವೆಂದು ಶುಲ್ಕ ಪಡೆದವರು, ತಮ್ಮದು ಮುರಿದಿದ್ದ ತಿಂಗಳುಗಳಲ್ಲೂ ಅದನ್ನು ಮಾರುತ್ತಿದ್ದರೇ ಎಂದು ಹಣ ಕೊಟ್ಟವರು ಕೇಳಬಹುದು, ಕೇಳಲೇಬೇಕು. ಮುಂಬಯಿಯಲ್ಲೇ ಕಚೇರಿಯಿರುವ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳು ಹಣ ಪಡೆದ ಪ್ರಚಾರವನ್ನು ಹಾಗೆಂದೇ ಸ್ಪಷ್ಟವಾಗಿ ಗುರುತಿಸಬೇಕೆಂದು ಹೇಳಿತು. 2019ರ ಗ್ರಾಹಕ ರಕ್ಷಣಾ ಕಾಯಿದೆ ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ಇಂಥ ಪ್ರಶ್ನೆಗೆ ರಸೀದಿ, ದಿನಾಂಕ, ಪಾಠದ ವಿವರ ಸಾಕು. ಮಲಗುವ ಕೋಣೆಯ ಸುದ್ದಿ ಬೇಕಾಗುವುದಿಲ್ಲ.

ಉಳಿಯುವುದು ಆ ಚಾನೆಲ್ ಯಾರದೆಂಬ ಮಾತು. ಗೋವೆಯಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಕೆಳಗೆ, ಬೇರೆ ಒಪ್ಪಂದವಿಲ್ಲದಿದ್ದರೆ ಗಂಡ ಹೆಂಡತಿಯ ಆಸ್ತಿ ಒಟ್ಟು ಆಸ್ತಿ, ಇಬ್ಬರಿಗೂ ಅರ್ಧರ್ಧ. ಮುಂಬಯಿಯ ಕ್ರೈಸ್ತರಿಗೆ ಅಂಥ ನಿಯಮವಿಲ್ಲ. ಇಬ್ಬರ ಹೆಸರಿನ ಖಾತೆ, ಅದರ ಗಳಿಕೆ, ಮಗುವಿನ ಮೊದಲ ಹೆಜ್ಜೆಯಿಂದ ಹಿಡಿದು ಮದುವೆಯಲ್ಲಿ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರದವರೆಗಿನ ಹಳೆಯ ವಿಡಿಯೋಗಳು, ಇವುಗಳಲ್ಲಿ ಯಾವುದು ಉಳಿಯಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು ಇಲ್ಲಿಯ ವಕೀಲರು ಕನ್ಸೆಂಟ್ ಟರ್ಮ್ಸ್ ಎನ್ನುವ, ಇಬ್ಬರೂ ಒಪ್ಪಿದ ಷರತ್ತುಗಳ ಕಾಗದದಲ್ಲಿ ಅವರಿಬ್ಬರೇ ಕುಳಿತು ಬರೆದುಕೊಳ್ಳಬೇಕು.