ಹಿಮಾಲಯ, ಹಿಮಾಲ್ ಮತ್ತು ಇಲ್ಲದ ‘ಹಿಮಾಲಯಗಳು’

‘ಹಿಮಾಲಯಗಳಲ್ಲಿ ಚಾರಣ’ ಅಂತ ಓದಿ ಓದಿ ಸಾಕಾಗಿದೆ. ಇಂಗ್ಲಿಷಿನವರು ಬಾಲಕ್ಕೆ ಒಂದು ‘ಸ್’ ಅಂಟಿಸಿ ಹಿಮಾಲಯಾಸ್ ಮಾಡಿಕೊಂಡರು. ಅದು ಅವರ ರೂಢಿ. ಅದನ್ನು ನೋಡಿ ನಾವು ‘ಗಳು’ ಹಚ್ಚೋದ್ಯಾಕೆ? ಸುಮಾರು 2,400 ಕಿಲೋಮೀಟರ್ ಉದ್ದದ ಸಾಲಿಗೆ ಇರುವ ಒಂದೇ ಹೆಸರು ಅದು. ಋಗ್ವೇದದ ಹತ್ತನೇ ಮಂಡಲದಲ್ಲಿ ‘ಹಿಮವಂತಃ’ ಅಂತ ಬಹುವಚನ ಇದೆಯಲ್ಲ ಅಂತ ಯಾರಾದರೂ ವಾದಕ್ಕೆ ಬರಬಹುದು. ಇದೆ, ಆದರೆ ಅಲ್ಲಿ ಅದರ ಅರ್ಥ ‘ಹಿಮ ಇರುವ ಬೆಟ್ಟಗಳು’ ಅಂತ. ಕಾಳಿದಾಸನ ಕುಮಾರಸಂಭವದ ಮೊದಲ ಶ್ಲೋಕದಲ್ಲಿ ಬರುವುದು ‘ಹಿಮಾಲಯೋ ನಾಮ ನಗಾಧಿರಾಜಃ’. ರಾಜ ಒಬ್ಬನೇ.

ಹಿಮ, ಆಲಯ, ಸವರ್ಣದೀರ್ಘ ಸಂಧಿ. ಇಷ್ಟು ಶಾಲೆಯಲ್ಲೇ ಆಗಿದೆ. ಆದರೂ ‘ಹಿಮ ಲಯವಾಗುವ ಜಾಗವೇ ಹಿಮಾಲಯ’ ಅನ್ನುವ ಜಾಣ ವಿವರಣೆ ಆಗಾಗ ಕಣ್ಣಿಗೆ ಬೀಳುತ್ತದೆ. ಹಾಗಿದ್ದರೆ ‘ಹಿಮಲಯ’ ಆಗಬೇಕಿತ್ತು, ಅಲ್ವಾ? ಆ ದೀರ್ಘ ಸುಮ್ನೆ ಬಂದದ್ದಲ್ಲ. ತಮಾಷೆ ಏನೆಂದರೆ ಲಯ, ಆಲಯ ಎರಡೂ ‘ಲೀ’ ಧಾತುವಿನಿಂದಲೇ ಬಂದವು. ಲೀ ಅಂದರೆ ಅಂಟಿಕೊಳ್ಳು, ಸೇರಿಹೋಗು. ಪೂರ್ತಿ ಸೇರಿ ಇಲ್ಲವಾದರೆ ಲಯ. ‘ಆ’ ಉಪಸರ್ಗ ಸೇರಿದಾಗ ಬಂದು ನೆಲೆ ನಿಲ್ಲುವ ಜಾಗ, ಆಲಯ. ಒಂದು ದೀರ್ಘ ಬಿಟ್ಟರೆ ಅರ್ಥ ಪೂರ್ತಿ ತಿರುಗುಮುರುಗು.

ಹಿಮ ಅಂದಕೂಡಲೇ ಬಿಳಿ ಗಡ್ಡೆಯೇ ಆಗಬೇಕಿಲ್ಲ. ಸಂಸ್ಕೃತದಲ್ಲಿ ಚಳಿಗೂ ಇಬ್ಬನಿಗೂ ಅದೇ ಪದ. ಗುಂಡ್ಲುಪೇಟೆ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1,454 ಮೀಟರ್. ಅಲ್ಲಿ ಹಿಮ ಬೀಳಲ್ಲ, ಮಂಜು ಮುಸುಕುತ್ತದೆ.

ಹಿಂದಿಯಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ. ಬರೆಯುವುದು ಅದೇ, ಕೊನೆಯ ಅಕಾರ ನುಂಗಿ ‘ಹಿಮಾಲಯ್’ ಅಂತಾರೆ.

ನೇಪಾಳಿಯ ಕಥೆ ಬೇರೆ. ಇಡೀ ಸಾಲಿಗೆ ಅಲ್ಲೂ ಹಿಮಾಲಯವೇ. ಆದರೆ ದಿನದ ಮಾತಿನ ಪದ ‘ಹಿಮಾಲ್’. ವರ್ಷವಿಡೀ ಹಿಮ ಹೊತ್ತು ನಿಂತದ್ದು ಹಿಮಾಲ್. ಹಿಮ ನಿಲ್ಲದ್ದು ಎಷ್ಟೇ ಎತ್ತರ ಕಂಡರೂ ‘ಪಹಾಡ್’. ಹಿಂದಿಯವರಿಗೆ ಎರಡೂ ಪಹಾಡೇ, ಅದಕ್ಕೇ ಗೊಂದಲ. ಅನ್ನಪೂರ್ಣ ಹಿಮಾಲ್ ಅಂದರೆ 8,091 ಮೀಟರಿನ ಮುಖ್ಯ ಶಿಖರ, ಜೊತೆಗೆ ಅದರ ಅಕ್ಕಪಕ್ಕದ ಶಿಖರಗಳ ಗುಂಪು. ಗಣೇಶ ಹಿಮಾಲ್, ಲಾಂಗ್‌ಟಾಂಗ್ ಹಿಮಾಲ್ ಕೂಡ ಹೀಗೆಯೇ. ಇಲ್ಲಿ ಬಹುವಚನ ಸಲ್ಲುತ್ತದೆ, ‘ಹಿಮಾಲ್‌ಹರೂ’ ಅಂತಾರೆ. ಇದನ್ನು ಕನ್ನಡಕ್ಕೆ ತರುವಾಗ ‘ಗಣೇಶ ಹಿಮಾಲಯ’ ಅಂತ ತಿದ್ದಬೇಡಿ. ಆ ಹೆಸರಿನ ಹಿಮಾಲಯ ಇಲ್ಲ. ಹಿಮಾಲ್ ಅಂತಲೇ ಬಿಡಿ.